ಎಂಟು ತಿಂಗಳಲ್ಲಿ ಎರಡು ಸಲ ಒಂದೇ ಬದಿಯ ಶಾಕ್ ಅಬ್ಸಾರ್ಬರ್ ಸೋರಿದೆ: ಮೂರನೆಯದನ್ನು ಹಾಕುವ ಮೊದಲು ಏನು ನೋಡಬೇಕು?

ಕಳಸದ ತೋಟದವನು
ಎಲ್ಲರಿಗೂ ನಮಸ್ಕಾರ. ಕಳಸದ ಹತ್ತಿರ ನಮ್ಮದೊಂದು ಕಾಫಿ ಮತ್ತು ಮೆಣಸಿನ ತೋಟವಿದೆ. ತೋಟದ ಕೆಲಸಕ್ಕೆಂದು ಹಿಂದೆ ಮುಂದೆ ಲೀಫ್ ಸ್ಪ್ರಿಂಗ್ (ಉಕ್ಕಿನ ಬ್ಲೇಡುಗಳ ಕಟ್ಟು) ಇರುವ ಹಳೆಯ ಡೀಸೆಲ್ ಫೋರ್ ವೀಲ್ ಜೀಪನ್ನು ಇಟ್ಟುಕೊಂಡಿದ್ದೇವೆ. ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಬಲಗಡೆಯ ಹಿಂದಿನ ಶಾಕ್ ಅಬ್ಸಾರ್ಬರ್ ಸೋರತೊಡಗಿತು. ಪೇಟೆಯ ಗ್ಯಾರೇಜಿನಲ್ಲಿ ಅದೊಂದನ್ನು ಮಾತ್ರ ಬದಲಿಸಿಕೊಟ್ಟರು. ಕಾಫಿ ಕೊಯ್ಲಿನ ಸಮಯದಲ್ಲಿ ಮೂಟೆ ಹೊತ್ತು ಎರಡು ತಿಂಗಳು ಓಡಾಡಿದ ಮೇಲೆ ಈಗ ಅದೇ ಬದಿಯ ಹೊಸ ಶಾಕ್ ಕೂಡ ಸೋರುತ್ತಿದೆ. ಕೆಳಗಿನ ಕೊಳವೆಯ ತುಂಬ ಎಣ್ಣೆ ಇಳಿದು, ಅದಕ್ಕೆ ಧೂಳು ಮೆತ್ತಿಕೊಂಡು ಕಪ್ಪು ಹಿಟ್ಟಿನಂತೆ ಕೂತಿದೆ. ಇಳಿಜಾರಿನ ತಿರುವುಗಳಲ್ಲಿ ಗಾಡಿಯ ಹಿಂಭಾಗ ಒಂದು ಸಲ ಎದ್ದರೆ ಮೂರು ಸಲ ಕುಣಿಯುತ್ತದೆ.

ಈ ಸಲ ನಾನೇ ಬದಲಿಸಬೇಕೆಂದಿದ್ದೇನೆ. ಒಂದನ್ನು ಹಾಕಿದರೆ ಸಾಕೇ ಅಥವಾ ಜೋಡಿಯಾಗಿ ಹಾಕಬೇಕೇ? ಬರೀ ಎಣ್ಣೆಯದು ಒಳ್ಳೆಯದೇ, ಗ್ಯಾಸ್ ತುಂಬಿದ್ದು ಒಳ್ಳೆಯದೇ? ಎಲ್ಲಕ್ಕಿಂತ ಮುಖ್ಯವಾಗಿ, ಎಡಗಡೆಯದು ಐದು ವರ್ಷದಿಂದ ಗಟ್ಟಿಯಾಗಿರುವಾಗ ಬಲಗಡೆಯದು ಮಾತ್ರ ಏಕೆ ಹೋಗುತ್ತಿದೆ?

ಗ್ಯಾರೇಜ್ ಮೂಲೆ
ಜೋಡಿಯಾಗಿಯೇ ಹಾಕಿ ಸರ್, ಅದರಲ್ಲಿ ಎರಡು ಮಾತಿಲ್ಲ. ಒಂದೇ ಆಕ್ಸಲ್ಲಿನ (ಎಡಬಲ ಚಕ್ರಗಳನ್ನು ಜೋಡಿಸುವ ಅಚ್ಚು) ಒಂದು ಬದಿ ಹೊಸದು, ಇನ್ನೊಂದು ಬದಿ ಐದು ವರ್ಷದ ಹಳೆಯದು ಎಂದಾದರೆ ಗುಂಡಿಗೆ ಇಳಿದಾಗ ಎರಡು ಚಕ್ರಗಳೂ ಬೇರೆ ಬೇರೆ ವೇಗದಲ್ಲಿ ಏಳುತ್ತವೆ, ಕೂರುತ್ತವೆ. ಎಡಗಡೆಯದು ಸೋರುತ್ತಿಲ್ಲ ಎಂದ ಮಾತ್ರಕ್ಕೆ ಅದು ಗಟ್ಟಿಯಾಗಿದೆ ಎಂದು ನಂಬಬೇಡಿ. ಒಳಗಿನ ವಾಲ್ವ್ ಸವೆದರೆ ಹೊರಗೆ ಒಂದು ಹನಿಯೂ ಕಾಣುವುದಿಲ್ಲ.

ಇನ್ನೊಂದು ಮಾತು. ಶಾಕಿನೊಳಗೆ ಹೋಗಿ ಬರುವ ರಾಡಿನ ಸೀಲಿನ ಹತ್ತಿರ ತೆಳುವಾಗಿ ಎಣ್ಣೆಯ ಪಸೆ ಇದ್ದರೆ ಅದು ಸೋರಿಕೆಯಲ್ಲ, ರಾಡು ಆಡುವಾಗ ಅಷ್ಟು ಬರುವುದು ಸಹಜ. ನೀವು ಹೇಳುವಂತೆ ಕೊಳವೆಯ ಕೆಳಗಿನವರೆಗೂ ಇಳಿದಿದ್ದರೆ ಮಾತ್ರ ಅದರ ಕಥೆ ಮುಗಿದಂತೆ.

ಬೆಟ್ಟದ ಹಾದಿ
ಬಲಗಡೆಯ ಬ್ಲೇಡ್ ಸೆಟ್ಟಿನಲ್ಲಿ ಯಾವುದಾದರೂ ಬ್ಲೇಡ್ ಮುರಿದಿದೆಯೇ ಎಂದು ಮೊದಲು ನೋಡಿ.

ಹುಬ್ಬಳ್ಳಿ ಪಾನಾ
ಹೊಸದಕ್ಕೆ ಅಷ್ಟು ದುಡ್ಡು ಯಾಕೆ ಸುರಿಯುತ್ತೀರಿ ಅಣ್ಣಾ? ನಮ್ಮ ಕಡೆ ಹಳೆಯ ಶಾಕ್ ಬಿಚ್ಚಿ, ಸೀಲು ಬದಲಿಸಿ, ಎಣ್ಣೆ ತುಂಬಿ, ಮತ್ತೆ ವೆಲ್ಡ್ ಮಾಡಿ ಅರ್ಧ ಬೆಲೆಗೆ ಕೊಡುವವರಿದ್ದಾರೆ. ನಾನು ಟ್ರ್ಯಾಕ್ಸ್ ಗಾಡಿಗೆ ಹಾಕಿಸಿದ್ದೇನೆ, ಒಂದು ವರ್ಷ ಓಡಿದೆ.

ಡೈನಮಿಕ್ಸ್ ಮೇಷ್ಟ್ರು
ಪಾನಾ ಅವರೇ, ಕ್ಷಮಿಸಿ, ಈ ಸಲಹೆಯನ್ನು ನಾನು ಒಪ್ಪಲಾರೆ, ಮತ್ತು ಒಪ್ಪದಿರುವುದಕ್ಕೆ ಕಾರಣವನ್ನೂ ಹೇಳುತ್ತೇನೆ.

ಗಾಡಿಯ ಭಾರವನ್ನು ಹೊರುವುದು ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಅಲ್ಲ. ಸ್ಪ್ರಿಂಗು ಒಮ್ಮೆ ಒತ್ತಿಕೊಂಡರೆ ಅದರಲ್ಲಿ ಕೂಡಿಟ್ಟ ಶಕ್ತಿ ಗಾಡಿಯನ್ನು ಮತ್ತೆ ಮತ್ತೆ ಮೇಲೆ ಕೆಳಗೆ ಆಡಿಸುತ್ತಲೇ ಇರುತ್ತದೆ. ಆ ಆಟವನ್ನು ನಿಲ್ಲಿಸುವುದಷ್ಟೇ ಶಾಕಿನ ಕೆಲಸ. ಒಳಗಿನ ಪಿಸ್ಟನ್ನು ಎಣ್ಣೆಯೊಳಗೆ ಚಲಿಸುವಾಗ ಎಣ್ಣೆಯು ಸಣ್ಣ ರಂಧ್ರ ಮತ್ತು ತೆಳುವಾದ ಉಕ್ಕಿನ ಬಿಲ್ಲೆಗಳ ವಾಲ್ವ್‌ಗಳ ಮೂಲಕ ನುಸುಳಬೇಕಾಗುತ್ತದೆ, ಆ ನುಸುಳುವಿಕೆಯಲ್ಲಿ ಕುಣಿತದ ಶಕ್ತಿಯೆಲ್ಲ ಶಾಖವಾಗಿ ಬದಲಾಗಿ ಕೊಳವೆಯ ಮೂಲಕ ಗಾಳಿಗೆ ಹೋಗುತ್ತದೆ. ಸಾಮಾನ್ಯವಾಗಿ ಒತ್ತಿಕೊಳ್ಳುವಾಗಿನ ತಡೆಗಿಂತ ಹಿಗ್ಗುವಾಗಿನ ತಡೆ ಹೆಚ್ಚಿರುವಂತೆ ಈ ವಾಲ್ವ್‌ಗಳನ್ನು ಹೊಂದಿಸಿರುತ್ತಾರೆ. ವೆಲ್ಡ್ ಮಾಡಿ ಎಣ್ಣೆ ತುಂಬುವವರು ಸೀಲನ್ನೇನೋ ಬದಲಿಸುತ್ತಾರೆ, ಆದರೆ ಸವೆದ ಬಿಲ್ಲೆಗಳನ್ನು, ಪಿಸ್ಟನ್ನಿನ ಅಂಚನ್ನು, ಗೀರು ಬಿದ್ದ ರಾಡನ್ನು ಯಾರು ಸರಿಪಡಿಸುತ್ತಾರೆ? ಗೀರು ಬಿದ್ದ ರಾಡಿಗೆ ಎಷ್ಟು ಹೊಸ ಸೀಲು ಹಾಕಿದರೂ ಅದು ಮತ್ತೆ ಹರಿಯುತ್ತದೆ.

ಗ್ಯಾಸ್ ತುಂಬಿದ ಶಾಕ್ ಆಗಿದ್ದರೆ ಅದನ್ನು ಕೊರೆಯುವುದು, ಬೆಂಕಿಗೆ ಹಿಡಿಯುವುದು ಪ್ರಾಣಾಪಾಯದ ಕೆಲಸ. ಒಳಗಿನ ನೈಟ್ರೋಜನ್ ಒತ್ತಡದಲ್ಲಿರುತ್ತದೆ.

ಹುಬ್ಬಳ್ಳಿ ಪಾನಾ
ಗ್ಯಾಸಿನದನ್ನು ಬಿಚ್ಚಿಸಿ ಎಂದು ನಾನು ಹೇಳಲಿಲ್ಲ ಮೇಷ್ಟ್ರೇ. ಆದರೆ ಮೊದಲೆಲ್ಲ ಶಾಕ್ ಬಿಚ್ಚಿ ದುರಸ್ತಿ ಮಾಡುತ್ತಿರಲಿಲ್ಲವೇ?

ಡೈನಮಿಕ್ಸ್ ಮೇಷ್ಟ್ರು
ಮಾಡುತ್ತಿದ್ದರು, ನಿಮ್ಮ ಮಾತು ನಿಜ. 1920ರ ದಶಕದ ಕೊನೆಯಲ್ಲಿ ಬಂದ ಫೋರ್ಡ್ ಮಾಡೆಲ್ ಎ ಕಾರಿನಲ್ಲಿ ತೋಳು ತಿರುಗುವ ಬಗೆಯ ಹೂಡಾಯ್ ಹೈಡ್ರಾಲಿಕ್ ಶಾಕ್‌ಗಳಿದ್ದವು. ಅಂಥವನ್ನು ಎಣ್ಣೆ ತುಂಬಲು, ಬಿಚ್ಚಲು ಅನುಕೂಲವಾಗುವಂತೆಯೇ ಕಟ್ಟಿದ್ದರು. ಇಂದಿಗೂ ರೇಸಿನ ಮತ್ತು ದುಬಾರಿ ಆಫ್ ರೋಡ್ ಶಾಕ್‌ಗಳನ್ನು ಬಿಚ್ಚಿ ಸರ್ವಿಸ್ ಮಾಡಬಹುದು. ಆದರೆ ತೋಟದ ಜೀಪಿಗೆ ಅಂಗಡಿಯಲ್ಲಿ ಸಿಗುವ ಕೊಳವೆಯ ಶಾಕ್‌ಗಳ ಬಾಯನ್ನು ಕಾರ್ಖಾನೆಯಲ್ಲೇ ಮುಚ್ಚಿ ಕಳಿಸಿರುತ್ತಾರೆ, ಅವು ಬಿಚ್ಚುವುದಕ್ಕೆ ಆದವಲ್ಲ.

ಕೊಡಚಾದ್ರಿ ಜೀಪು
ನಾನು ಕಟ್ಟಿನಹೊಳೆಯಿಂದ ಕೊಡಚಾದ್ರಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪು ಓಡಿಸುತ್ತೇನೆ. ಆ ದಾರಿಯನ್ನು ನೋಡಿದವರಿಗೆ ಹೇಳಬೇಕಾಗಿಲ್ಲ, ಕಲ್ಲು ಮತ್ತು ಕೊರಕಲು ಬಿಟ್ಟರೆ ಅಲ್ಲಿ ರಸ್ತೆಯೆಂಬುದು ಕಡಿಮೆ. ಶಾಕ್ ಸತ್ತಿದೆಯೋ ಬದುಕಿದೆಯೋ ಎಂದು ತಿಳಿಯಲು ಬಂಪರ್ ಮೇಲೆ ಹತ್ತಿ ಕುಣಿದು ನೋಡುವವರಿದ್ದಾರೆ. ನಮ್ಮಂಥ ಬಿಗಿಯಾದ ಬ್ಲೇಡಿನ ಗಾಡಿಯಲ್ಲಿ ಆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ, ಯಾಕೆಂದರೆ ಬ್ಲೇಡುಗಳು ಒಂದಕ್ಕೊಂದು ಉಜ್ಜಿಕೊಂಡೇ ಕುಣಿತವನ್ನು ಅರ್ಧ ನಿಲ್ಲಿಸಿಬಿಡುತ್ತವೆ.

ನಾನು ಮಾಡುವುದು ಇಷ್ಟೇ. ಕೆಟ್ಟ ದಾರಿಯಲ್ಲಿ ಅರ್ಧ ಗಂಟೆ ಓಡಿಸಿ ನಿಲ್ಲಿಸಿದ ತಕ್ಷಣ ನಾಲ್ಕೂ ಶಾಕ್‌ಗಳ ಹತ್ತಿರ ಕೈ ಹಿಡಿದು ನೋಡುತ್ತೇನೆ. ಬೆರಳ ಹಿಂಬದಿಯಿಂದ, ಒಂದು ಕ್ಷಣ ಮಾತ್ರ, ಯಾಕೆಂದರೆ ಸುಡುವಷ್ಟು ಬಿಸಿಯಾಗಿರುವುದುಂಟು. ಬಿಸಿಯಾಗಿರುವುದು ಕೆಲಸ ಮಾಡುತ್ತಿದೆ. ಉಳಿದವು ಬಿಸಿಯಾಗಿರುವಾಗ ಯಾವುದು ತಣ್ಣಗಿದೆಯೋ ಅದೇ ಸತ್ತದ್ದು.

ಕಳಸದ ತೋಟದವನು
ಇದು ನನಗೆ ಗೊತ್ತೇ ಇರಲಿಲ್ಲ. ಬಿಸಿಯಾಗಿರುವುದೇ ಕೆಟ್ಟಿದೆ ಎಂದುಕೊಂಡಿದ್ದೆ. ನಾಳೆಯೇ ನೋಡುತ್ತೇನೆ.

ಪರ್ತ್ ಕನ್ನಡಿಗ
ಕೊಡಚಾದ್ರಿ ಅವರ ಮಾತು ಸರಿ. ಇಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಉತ್ತರಕ್ಕಿರುವ ಗಿಬ್ ರಿವರ್ ರಸ್ತೆಯಲ್ಲಿ ನೂರಾರು ಕಿಲೋಮೀಟರು ಅಲೆ ಅಲೆಯಾಗಿ ಗಟ್ಟಿಗೊಂಡ ಮಣ್ಣಿನ ಮೇಲೆ ಓಡಿಸಬೇಕು. ಅಲ್ಲಿ ಶಾಕ್ ಸಾಯುವುದು ದೊಡ್ಡ ಗುಂಡಿಯಿಂದಲ್ಲ, ಎಡೆಬಿಡದ ಸಣ್ಣ ನಡುಕದಿಂದ. ಎಣ್ಣೆ ಕಾದು ತೆಳುವಾಗುತ್ತದೆ, ಗಾಳಿಯೊಡನೆ ಕಲಸಿ ನೊರೆಯಾಗುತ್ತದೆ, ನೊರೆಯೊಳಗೆ ಪಿಸ್ಟನ್ನಿಗೆ ತಡೆಯೇ ಸಿಗುವುದಿಲ್ಲ. ಒತ್ತಡದಲ್ಲಿ ನೈಟ್ರೋಜನ್ ತುಂಬುವುದು ಈ ನೊರೆಯನ್ನು ತಡೆಯಲೆಂದೇ. ಆದ್ದರಿಂದ ನನ್ನ ಮತ ಗ್ಯಾಸಿನ ಪರವಾಗಿದೆ, ಅದರಲ್ಲೂ ಒಂದೇ ಕೊಳವೆಯ ಮೋನೋಟ್ಯೂಬ್ ಪರವಾಗಿದೆ. ಅದರಲ್ಲಿ ಎಣ್ಣೆ ನೇರವಾಗಿ ಹೊರಗಿನ ಗೋಡೆಗೆ ತಾಗಿರುವುದರಿಂದ ಬೇಗ ತಣಿಯುತ್ತದೆ.

ಕೊಡಚಾದ್ರಿ ಜೀಪು
ಸರ್, ನಿಮ್ಮ ರಸ್ತೆಯಲ್ಲಿ ನೀವು ಗಂಟೆಗೆ ಎಂಬತ್ತು ಕಿಲೋಮೀಟರಿನಲ್ಲಿ ಹೋಗುತ್ತೀರಿ. ನಾವು ಲೋ ಗೇರಿನಲ್ಲಿ ಮನುಷ್ಯ ನಡೆಯುವಷ್ಟು ವೇಗದಲ್ಲಿ ಹತ್ತುತ್ತೇವೆ. ನಮ್ಮ ಎಣ್ಣೆ ನೊರೆಯಾಗುವಷ್ಟು ಕಾಯುವುದು ಅಪರೂಪ, ಆದರೆ ಕಲ್ಲು ಸಿಡಿದು ಶಾಕಿಗೆ ಬಡಿಯುವುದು ದಿನವೂ ಇದ್ದದ್ದೇ. ಮೋನೋಟ್ಯೂಬಿನ ಹೊರಗಿನ ಕೊಳವೆಯೇ ಪಿಸ್ಟನ್ ಓಡುವ ಸಿಲಿಂಡರ್, ಅದಕ್ಕೊಂದು ತಗ್ಗು ಬಿದ್ದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡು ಕೊಳವೆಯದರಲ್ಲಿ ಹೊರಗಿನದು ಸ್ವಲ್ಪ ನೆಗ್ಗಿದರೂ ಒಳಗಿನದು ಕೆಲಸ ಮಾಡುತ್ತಿರುತ್ತದೆ. ನಾನು ಹಾಕುವುದು ಎರಡು ಕೊಳವೆಯ ಸಾದಾ ಶಾಕ್, ಅದರಲ್ಲೇ ಕಡಿಮೆ ಒತ್ತಡದ ಗ್ಯಾಸಿನದು ಸಿಕ್ಕರೆ ಅದು.

ಪರ್ತ್ ಕನ್ನಡಿಗ
ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ನಾವು ಕಲ್ಲು ಬಡಿಯದಂತೆ ಶಾಕಿಗೆ ತಗಡಿನ ಮರೆ ಕಟ್ಟಿಕೊಳ್ಳುತ್ತೇವೆ. ತೋಟದ ವೇಗಕ್ಕೆ ನೀವು ಹೇಳಿದ್ದೇ ಸರಿ.

ಗ್ಯಾರೇಜ್ ಮೂಲೆ
ಗ್ಯಾಸೋ ಎಣ್ಣೆಯೋ ಎಂಬ ಚರ್ಚೆಯಲ್ಲಿ ಅವರ ಮೂಲ ಪ್ರಶ್ನೆ ಕಳೆದುಹೋಗಬಾರದು. ಒಂದೇ ಬದಿ ಏಕೆ? ತೋಟದವರೇ, ಎರಡು ಶಾಕ್ ತರುವ ಮೊದಲು ಒಂದು ಟೇಪು ಹಿಡಿದು ಗಾಡಿಯ ಕೆಳಗೆ ಹೋಗಿ. ಗಾಡಿ ಸಮತಟ್ಟಾದ ನೆಲದ ಮೇಲೆ ನಿಂತಿರುವಾಗ ಶಾಕಿನ ಮೇಲಿನ ಕಣ್ಣಿನಿಂದ (ಬೋಲ್ಟು ಕೂರುವ ಬಳೆ) ಕೆಳಗಿನ ಕಣ್ಣಿನವರೆಗೆ ಎಷ್ಟಿದೆ ಎಂದು ಎರಡೂ ಬದಿ ಅಳೆಯಿರಿ. ಆಮೇಲೆ ಚಾಸಿಗೆ ಜಾಕ್ ಕೊಟ್ಟು ಆಕ್ಸಲ್ ಪೂರ್ತಿ ಜೋತಾಡುವಂತೆ ಎತ್ತಿ ಮತ್ತೊಮ್ಮೆ ಅಳೆಯಿರಿ. ಹೊಸ ಶಾಕ್ ಪೂರ್ತಿ ಹಿಗ್ಗಿದಾಗ ಈ ಎರಡನೆಯ ಅಳತೆಗಿಂತ ಉದ್ದವಿರಬೇಕು, ಪೂರ್ತಿ ಮುಚ್ಚಿಕೊಂಡಾಗ ಆಕ್ಸಲ್ ಬಂಪ್ ರಬ್ಬರಿಗೆ (ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರಿನ ತುಂಡು) ಒತ್ತಿ ನಿಂತಾಗಿನ ಅಳತೆಗಿಂತ ಗಿಡ್ಡವಿರಬೇಕು. ಇಲ್ಲವಾದರೆ ಗಾಡಿ ಕುಕ್ಕಿದಾಗಲೆಲ್ಲ ಪಿಸ್ಟನ್ನು ಹೋಗಿ ತಳಕ್ಕೆ ಗುದ್ದುತ್ತದೆ.

ಸಕಲೇಶಪುರ ಫೋರ್ ವೀಲ್
ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಹಳೆಯ ಕೆಲವು ಜೀಪುಗಳಲ್ಲಿ ಹ್ಯಾಂಡ್ ಬ್ರೇಕು ಹಿಡಿಯುವುದು ಹಿಂದಿನ ಚಕ್ರಗಳನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು. ಅಂಥ ಗಾಡಿಯ ಒಂದು ಹಿಂದಿನ ಚಕ್ರವನ್ನು ಎತ್ತಿದರೆ ಶಾಫ್ಟು ನಿಂತೇ ಇದ್ದರೂ ಎರಡು ಚಕ್ರಗಳು ಬೇರೆ ಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಷಿಯಲ್ಲಿನ ಮೂಲಕ ಎತ್ತಿದ ಚಕ್ರ ಒಂದು ಕಡೆಗೆ, ನೆಲದ ಮೇಲಿನ ಚಕ್ರ ಇನ್ನೊಂದು ಕಡೆಗೆ ತಿರುಗಬಲ್ಲವು. ಗೇರಿನಲ್ಲಿ ಬಿಟ್ಟಿದ್ದರೂ ಅಷ್ಟೇ. ನಮ್ಮ ತೋಟದ ಕಣದಲ್ಲಿ ಹೀಗೆಯೇ ಒಂದು ಜೀಪು ಜಾಕಿನ ಮೇಲಿಂದ ಜಾರಿ ಒಂದು ಮಾರು ಮುಂದೆ ಹೋಯಿತು. ಕೆಳಗೆ ಮಲಗಿದ್ದ ಹುಡುಗ ಪಾನಾ ತರಲು ಎದ್ದು ಹೋಗಿ ಅರ್ಧ ನಿಮಿಷವೂ ಆಗಿರಲಿಲ್ಲ. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ಅಡ್ಡೆ ಕೊಡದೆ, ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡು ಇಡದೆ, ದಯವಿಟ್ಟು ಯಾರೂ ಒಳಗೆ ಹೋಗಬೇಡಿ.

ಗ್ಯಾರೇಜ್ ಮೂಲೆ
ಸಕಲೇಶಪುರದವರು ಹೇಳಿದ್ದನ್ನು ನಾನೇ ಹೇಳಬೇಕಿತ್ತು. ಇನ್ನೂ ಒಂದು ಮಾತು, ಅಳತೆಗೆ ಮಾತ್ರ ಜಾಕ್ ಬೇಕು, ಬದಲಿಸುವುದಕ್ಕೆ ಬೇಡ. ಬ್ಲೇಡಿನ ಜೀಪು ನಾಲ್ಕೂ ಚಕ್ರದ ಮೇಲೆ ನಿಂತಿರುವಾಗಲೇ ಶಾಕ್ ಬಿಚ್ಚಿ ಹಾಕಬಹುದು, ಕೆಳಗೆ ಜಾಗ ಬೇಕಾದಷ್ಟಿರುತ್ತದೆ.

ಬೆಂಗಳೂರು ವಾರಾಂತ್ಯ
ನನ್ನದು 2020ರಲ್ಲಿ ಬಂದ ಹೊಸ ಮಾದರಿಯ ಥಾರ್. ಇದಕ್ಕೂ ಹೀಗೆಯೇ ಮಾಡಬಹುದೇ?

ಗ್ಯಾರೇಜ್ ಮೂಲೆ
ಹಾಗೆಯೇ ಮಾಡಲು ಹೋಗಬೇಡಿ. ನಿಮ್ಮದರಲ್ಲಿ ಹಿಂದೆ ಇರುವುದು ಕಾಯಿಲ್ ಸ್ಪ್ರಿಂಗು. ಗಾಡಿಯನ್ನು ಎತ್ತಿ ಆಕ್ಸಲ್ ಜೋತಾಡುವಂತೆ ಬಿಟ್ಟು ಶಾಕ್ ಬಿಚ್ಚಿದರೆ, ಅಲ್ಲಿಯವರೆಗೆ ಆಕ್ಸಲ್ಲನ್ನು ತಡೆದು ಹಿಡಿದಿದ್ದ ಶಾಕ್ ಇಲ್ಲದಂತಾಗಿ ಆಕ್ಸಲ್ ಇನ್ನೂ ಕೆಳಗೆ ಇಳಿಯುತ್ತದೆ. ಬ್ರೇಕ್ ಹೋಸ್ ಎಳೆದುಕೊಳ್ಳಬಹುದು, ಸ್ಪ್ರಿಂಗು ತನ್ನ ಜಾಗದಿಂದ ಜಾರಬಹುದು. ಆಕ್ಸಲ್ ಕೆಳಗೆ ಇನ್ನೊಂದು ಜಾಕ್ ಇಟ್ಟುಕೊಂಡೇ ಬಿಚ್ಚಬೇಕು. ಮುಂದಿನದಂತೂ ಸ್ಪ್ರಿಂಗಿನೊಳಗೇ ಕೂತ ಶಾಕ್. ಅದರ ಸ್ಪ್ರಿಂಗನ್ನು ಸ್ಪ್ರಿಂಗ್ ಕಂಪ್ರೆಸರ್ ಎಂಬ ಉಪಕರಣದಿಂದ ಅದುಮಿ ಹಿಡಿಯದೆ ಮೇಲಿನ ನಟ್ಟು ಬಿಚ್ಚಿದವರು ಕೈ ಮುಖ ಒಡೆದುಕೊಂಡಿದ್ದಾರೆ. ಅದನ್ನು ಉಪಕರಣ ಇರುವವರಿಂದಲೇ ಮಾಡಿಸಿ.

ಕಳಸದ ತೋಟದವನು
ಕಾರಣ ಸಿಕ್ಕಿತು ಎಂದು ನನ್ನ ಭಾವನೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಓದಿ ತಪ್ಪಿದ್ದರೆ ತಿದ್ದಿ.

ಬ್ಲೇಡುಗಳು ಎರಡೂ ಬದಿ ಸರಿಯಾಗಿವೆ. ನಿಂತ ಗಾಡಿಯಲ್ಲಿ ಕಣ್ಣಿನಿಂದ ಕಣ್ಣಿಗೆ ಎರಡೂ ಕಡೆ 42 ಸೆಂಟಿಮೀಟರ್, ಜೋತಾಡಿಸಿದಾಗ 49. ಸೋರುತ್ತಿರುವ ಶಾಕನ್ನು ಬಿಚ್ಚಿ ಅಳೆದರೆ ಹಿಗ್ಗಿದಾಗ 52, ಮುಚ್ಚಿದಾಗ 33. ಇಲ್ಲಿಯವರೆಗೆ ಎಲ್ಲ ಸರಿಯಾಗಿದೆ ಎಂದುಕೊಂಡು ಎಡಗಡೆಯ ಬಂಪ್ ರಬ್ಬರನ್ನು ನೋಡಿದೆ. ಅದಕ್ಕೂ ಆಕ್ಸಲ್ಲಿಗೂ ನಡುವೆ 6 ಸೆಂಟಿಮೀಟರ್ ಅಂತರವಿದೆ, ಆಕ್ಸಲ್ ಬಡಿದು ಬಡಿದು ರಬ್ಬರಿನ ಮೂತಿ ನುಣ್ಣಗಾಗಿದೆ. ಬಲಗಡೆಗೆ ಬಂದರೆ ರಬ್ಬರೇ ಇಲ್ಲ. ಅದು ಕೂತಿದ್ದ ತಗಡಿನ ಬಟ್ಟಲು ಮಾತ್ರ ಚಾಸಿಗೆ ಅಂಟಿಕೊಂಡಿದೆ, ಒಣಗಿದ ಕೆಸರು ತುಂಬಿದ್ದರಿಂದ ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಟ್ಟಲಿನಿಂದ ಆಕ್ಸಲ್ಲಿಗೆ 12 ಸೆಂಟಿಮೀಟರ್.

ಲೆಕ್ಕ ಹಾಕಿ ನೋಡಿದೆ. ಎಡಗಡೆ ರಬ್ಬರಿಗೆ ತಾಗುವಾಗ ಶಾಕಿನ ಉದ್ದ ಸುಮಾರು 36 ಆಗುತ್ತದೆ, ರಬ್ಬರು ಎರಡು ಸೆಂಟಿಮೀಟರ್ ಅದುಮಿಕೊಂಡರೂ 34. ಬಲಗಡೆ ಆಕ್ಸಲ್ಲು ಬಟ್ಟಲಿಗೆ ತಾಗಬೇಕಾದರೆ ಶಾಕ್ 30ಕ್ಕೆ ಇಳಿಯಬೇಕು, ಆದರೆ ಅದು 33ರಲ್ಲೇ ಮುಚ್ಚಿಕೊಂಡು ಬಿಡುತ್ತದೆ. ಬಟ್ಟಲಿನ ಅಂಚಿನ ಕೆಸರನ್ನು ಕೆರೆದು ನೋಡಿದೆ, ಹಳೆಯ ತುಕ್ಕು ಎಲ್ಲಿಯೂ ಮಾಸಿಲ್ಲ, ಒಂದು ಗೀರೂ ಇಲ್ಲ. ಆಕ್ಸಲ್ ಅಲ್ಲಿಗೆ ಒಂದು ಸಲವೂ ತಲುಪಿಲ್ಲ. ಅಂದರೆ ಮೂಟೆ ತುಂಬಿದ ಗಾಡಿಯ ಬಲಮೂಲೆ ಕುಕ್ಕಿದಾಗಲೆಲ್ಲ ಪೂರ್ತಿ ಹೊಡೆತವನ್ನು ತಡೆದು ನಿಲ್ಲಿಸಿದ್ದು ಶಾಕ್ ಒಂದೇ.

ಡೈನಮಿಕ್ಸ್ ಮೇಷ್ಟ್ರು
ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಶಾಕ್ ಸ್ವಲ್ಪ ಓರೆಯಾಗಿ ಕೂತಿರುವುದರಿಂದ ಆಕ್ಸಲ್ 12 ಸೆಂಟಿಮೀಟರ್ ಏರಿದಾಗ ಅದು ಅದಕ್ಕಿಂತ ತುಸು ಕಡಿಮೆ ಒತ್ತಿಕೊಳ್ಳುತ್ತದೆ, ಆದರೆ ಆ ವ್ಯತ್ಯಾಸದಿಂದ ಮೂರು ಸೆಂಟಿಮೀಟರಿನ ಕೊರತೆ ತುಂಬುವುದಿಲ್ಲ. ತಳಕ್ಕೆ ಗುದ್ದಿದಾಗ ಕೆಳಗಿನ ವಾಲ್ವ್ ಒಡೆಯುತ್ತದೆ, ರಾಡು ಬಾಗಿದರೆ ಸೀಲು ಒಂದು ಕಡೆ ಅಗಲವಾಗುತ್ತದೆ. ಬಿಚ್ಚಿದ ಶಾಕಿನ ರಾಡನ್ನು ಪೂರ್ತಿ ಎಳೆದು ಉರುಳಿಸಿ ನೋಡಿದರೆ ಬಾಗಿರುವುದು ಕಾಣುತ್ತದೆ. ಎಡಗಡೆ ನಿಮಗಿರುವ ಒಂದು ಸೆಂಟಿಮೀಟರ್ ಅಂತರವೂ ನನಗೆ ಸಾಲದೆನಿಸುತ್ತದೆ. ಹಿಗ್ಗಿದಾಗ 50ಕ್ಕಿಂತ ಕಡಿಮೆಯಾಗದೆ, ಮುಚ್ಚಿದಾಗ 31 ಅಥವಾ 32ಕ್ಕೆ ಬರುವಂಥದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಬೆಟ್ಟದ ಹಾದಿ
ಸಣ್ಣ ರಬ್ಬರಿನ ತುಂಡಿಗೆ ಎರಡು ಶಾಕ್ ಬಲಿ. ಮೇಲಿನ ಬ್ರ್ಯಾಕೆಟ್ಟನ್ನೂ ನೋಡಿ, ಅಷ್ಟು ಗುದ್ದು ತಿಂದಿದ್ದರೆ ವೆಲ್ಡಿನ ಅಂಚಿನಲ್ಲಿ ಸೀಳು ಬಿಟ್ಟಿರಬಹುದು.

ಕಳಸದ ತೋಟದವನು
ನೋಡಿದೆ, ಕೂದಲೆಳೆಯಷ್ಟು ಸೀಳು ಇತ್ತು. ವೆಲ್ಡರನ್ನು ಕರೆಸಿ, ಬ್ಯಾಟರಿಯ ತಂತಿ ಬಿಚ್ಚಿಟ್ಟು, ಡೀಸೆಲ್ ಪೈಪನ್ನು ಪಕ್ಕಕ್ಕೆ ಸರಿಸಿ ಒದ್ದೆ ಗೋಣಿಯಿಂದ ಮುಚ್ಚಿ ಬೆಸುಗೆ ಹಾಕಿಸಿದೆ. ರಾಡು ಬಾಗಿದ್ದೂ ನಿಜ, ಉರುಳಿಸಿದಾಗ ತುದಿ ತೂಗಾಡುತ್ತದೆ. ಎಡಗಡೆಯದನ್ನು ಬಿಚ್ಚಲು ಹೋದರೆ ಮೇಲಿನ ನಟ್ಟು ಮಾತ್ರ ಅಲುಗುತ್ತಿಲ್ಲ. ಎರಡು ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದೇನೆ.

ಹುಬ್ಬಳ್ಳಿ ಪಾನಾ
ರಾಡನ್ನು ಪೈಪ್ ರೆಂಚಿನಿಂದ ಹಿಡಿದು ತಿರುಗಿಸಲು ಮಾತ್ರ ಹೋಗಬೇಡಿ, ಹೊಸದರಲ್ಲಂತೂ ಖಂಡಿತ ಬೇಡ. ಹೊಳೆಯುವ ಲೇಪದ ಮೇಲೆ ಒಂದು ಹಲ್ಲಿನ ಗುರುತು ಬಿದ್ದರೆ ಸೀಲು ಹರಿದಂತೆಯೇ. ಹಳೆಯದು ಹೇಗೂ ಗುಜರಿಗೆ ಹೋಗುವುದು, ನಟ್ಟನ್ನು ಒಂದು ಬದಿಯಿಂದ ಹೆಕ್ಸಾ ಬ್ಲೇಡಿನಲ್ಲಿ ಉದ್ದಕ್ಕೆ ಕೊಯ್ದು ಚಾಣದಿಂದ ಒಂದು ಏಟು ಕೊಡಿ, ಬಾಯಿ ಬಿಡುತ್ತದೆ. ಪಿನ್ನಿನ ತಿರುಪಿನ ಸುತ್ತುಗಳಿಗೆ ಬ್ಲೇಡು ತಾಗದಂತೆ ನೋಡಿಕೊಳ್ಳಿ. ರೀಫಿಲ್ ಮಾಡಿಸಿ ಎಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ರಾಡು ಬಾಗಿದ್ದಕ್ಕೆ ಎಣ್ಣೆ ತುಂಬಿ ಏನು ಪ್ರಯೋಜನ.

ಗ್ಯಾರೇಜ್ ಮೂಲೆ
ಹೊಸದನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ಹಾಕಬೇಡಿ. ಎರಡು ಕೊಳವೆಯ ಶಾಕ್ ಅಂಗಡಿಯಲ್ಲಿ ಅಡ್ಡ ಮಲಗಿದ್ದಾಗ ಒಳಗಿನ ಕೊಳವೆಗೆ ಗಾಳಿ ಸೇರಿರುತ್ತದೆ. ಗಾಡಿಯಲ್ಲಿ ನಿಲ್ಲುವ ಹಾಗೆಯೇ ನೆಟ್ಟಗೆ ಹಿಡಿದು, ಪೂರ್ತಿ ಎಳೆದು ಪೂರ್ತಿ ಒತ್ತಿ, ಹೀಗೆ ಐದಾರು ಸಲ ಮಾಡಿ. ಮೊದಲೆರಡು ಸಲ ನಡುವೆ ಪೊಳ್ಳು ಬಿಟ್ಟಂತೆ ಸಡಿಲವಾಗುತ್ತದೆ, ಆಮೇಲೆ ಮೇಲಿನಿಂದ ಕೆಳಗಿನವರೆಗೂ ಒಂದೇ ಸಮನಾದ ಬಿಗಿ ಸಿಗುತ್ತದೆ.

ಕಣ್ಣಿನ ಬೋಲ್ಟುಗಳನ್ನು ಕೊನೆಯ ಬಿಗಿ ಬಿಗಿಯುವುದು ಗಾಡಿ ತನ್ನ ಭಾರದಲ್ಲಿ ನೆಲದ ಮೇಲೆ ನಿಂತಿರುವಾಗ. ಜೋತಾಡುವ ಆಕ್ಸಲ್ಲಿನಲ್ಲಿ ಬಿಗಿದು ಇಳಿಸಿದರೆ ಕಣ್ಣಿನೊಳಗಿನ ರಬ್ಬರ್ ಬುಷ್ಷು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬಿಗಿಯ ಪ್ರಮಾಣವನ್ನು ಗಾಡಿಯ ಪುಸ್ತಕದಲ್ಲಿ ನೋಡಿ, ಕೈಯ ಅಂದಾಜಿಗೆ ಬಿಡಬೇಡಿ.

ಸಕಲೇಶಪುರ ಫೋರ್ ವೀಲ್
ಮುಂದಿನ ಶಾಕ್‌ಗಳಿಗೆ ಕೆಲವು ಗಾಡಿಗಳಲ್ಲಿ ಮೇಲೆ ಕಣ್ಣಿನ ಬದಲು ತಿರುಪಿನ ಸುತ್ತುಗಳಿರುವ ಕಡ್ಡಿ ಬರುತ್ತದೆ, ಅದಕ್ಕೂ ಇದೇ ನಿಯಮವೇ?

ಗ್ಯಾರೇಜ್ ಮೂಲೆ
ಅದಕ್ಕೆ ಬೇರೆ. ರಬ್ಬರಿನ ಬಿಲ್ಲೆ ಉಬ್ಬಿ ಅದರ ವಾಷರಿನ ಅಗಲಕ್ಕೆ ಬಂದಾಗ ನಿಲ್ಲಿಸಿ. ಅದಕ್ಕಿಂತ ಬಿಗಿದರೆ ರಬ್ಬರು ಬಿರುಕು ಬಿಡುತ್ತದೆ, ಆಮೇಲೆ ಕಡ್ಡಿಗೆ ಓರೆಯಾಗಲು ಎಡೆಯಿಲ್ಲದೆ ಅದೇ ಮುರಿಯುತ್ತದೆ. ಮೇಲೆ ಇನ್ನೊಂದು ನಟ್ಟು ಹಾಕಿ ಲಾಕ್ ಮಾಡಿ.

ಕಳಸದ ತೋಟದವನು
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಮುಚ್ಚಿದಾಗ 31, ಹಿಗ್ಗಿದಾಗ 51 ಇರುವ ಎರಡು ಕೊಳವೆಯ ಜೋಡಿಯನ್ನು ತಂದು ಹಾಕಿದೆ, ಎರಡೂ ಬದಿಗೆ ಹೊಸ ಬಂಪ್ ರಬ್ಬರನ್ನೂ ಹಾಕಿದೆ. ಎಡಗಡೆಯ ನಟ್ಟನ್ನು ಪಾನಾ ಅವರು ಹೇಳಿದಂತೆ ಕೊಯ್ದೇ ತೆಗೆಯಬೇಕಾಯಿತು. ಬಿಚ್ಚಿದ ಮೇಲೆ ಆ ಐದು ವರ್ಷದ ಶಾಕನ್ನು ಕೈಯಿಂದ ಒತ್ತಿದರೆ ಅರ್ಧ ದಾರಿ ಸೈಕಲ್ ಪಂಪಿನಂತೆ ಸಲೀಸಾಗಿ ಹೋಯಿತು, ಹೊರಗೆ ಒಂದು ಹನಿ ಎಣ್ಣೆಯೂ ಇರಲಿಲ್ಲ.

ಹೊಸ ಶಾಕ್‌ಗಳ ರಾಡಿಗೆ ಮರೆಯ ಕೊಳವೆ ಇಲ್ಲದ ಕಾರಣ ಎರಡಕ್ಕೂ ಒಂದೊಂದು ಪ್ಲಾಸ್ಟಿಕ್ ಟೈ ಸಡಿಲವಾಗಿ ಕಟ್ಟಿ, ಸೀಲಿನ ಹತ್ತಿರಕ್ಕೆ ಸರಿಸಿ ಬಿಟ್ಟೆ. ಆರು ಮೂಟೆ ಗೊಬ್ಬರ ಹೇರಿಕೊಂಡು ಮೇಲಿನ ತೋಟಕ್ಕೆ ಹೋಗಿ ಬಂದ ಮೇಲೆ ನೋಡಿದರೆ ಎರಡು ಟೈಗಳೂ ರಾಡಿನ ಮೇಲಿನ ತುದಿಯಿಂದ ಸರಿಸುಮಾರು ಮೂರು ಬೆರಳು ದೂರದಲ್ಲಿ ನಿಂತಿವೆ, ಅಂದರೆ ಶಾಕ್ ಪೂರ್ತಿ ಮುಚ್ಚಿಕೊಳ್ಳಲು ಇನ್ನೂ ಅಷ್ಟು ಜಾಗ ಉಳಿದಿತ್ತು. ನಿಲ್ಲಿಸಿದ ಕೂಡಲೇ ಬೆರಳ ಹಿಂಬದಿ ತಾಗಿಸಿದೆ, ಎರಡೂ ಒಂದೇ ಹದದಲ್ಲಿ ಬೆಚ್ಚಗಿದ್ದವು.

ಕೊಡಚಾದ್ರಿ ಜೀಪು
ಮಳೆ ಶುರುವಾಗುವ ಮೊದಲು ಆ ನಾಲ್ಕು ಬೋಲ್ಟುಗಳನ್ನು ಒಮ್ಮೆ ಮತ್ತೆ ಬಿಗಿದು ನೋಡಿ ಅಣ್ಣಾ. ಹೊಸ ಬುಷ್ಷು ಕೂತ ಮೇಲೆ ಸ್ವಲ್ಪ ಸಡಿಲವಾಗುವುದುಂಟು.